ಹಳೇ ವ್ಯಾನನ್ನು ಯಾರಿಗೆ ಕೊಡುವುದು?

1996ರಲ್ಲಿ ನಾನು ಪುಣೆಗೆ ಬಂದಾಗ ಊರಿಗೆ ಹೋಗುವುದೆಂದರೆ ಒಂದು ಯಾತ್ರೆ. ಸ್ವಾರ್‌ಗೇಟಿನಲ್ಲಿ ರಾತ್ರಿ ಬಸ್ಸು ಹತ್ತಬೇಕು, ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ ಇಳಿಯಬೇಕು, ಅಲ್ಲಿ ಶಿರಸಿ ಬಸ್ಸಿಗೆ ಕಾಯಬೇಕು, ಶಿರಸಿಯಿಂದ ಮತ್ತೆ ಹಳ್ಳಿ ಬಸ್ಸು. ಮನೆಯ ಅಂಗಳಕ್ಕೆ ಕಾಲಿಡುವಾಗ ಮಧ್ಯಾಹ್ನದ ಊಟದ ಹೊತ್ತು. ಒಟ್ಟು ಸುಮಾರು ಐನೂರೈವತ್ತು ಕಿಲೋಮೀಟರು. ಇದನ್ನು ಹೇಳಿದರೆ ಅಮ್ಮ, "ಅಷ್ಟೇಯಾ? ಹಂಗಾದ್ರೆ ತಿಂಗಳಿಗೊಂದ್ಸಲ ಬಾ" ಅನ್ನುತ್ತಿದ್ದಳು. ಆಕೆಗೆ ದೂರದ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ, ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ವಾಪಸು ಪುಣೆ ಮುಟ್ಟಿದ ಕೂಡಲೇ ಫೋನು ಮಾಡಬೇಕೆಂಬುದು ಅವಳ ಕಾನೂನು. ಎಷ್ಟು ಹೊತ್ತಾದರೂ ಸರಿ, ಆ ಫೋನು ಬರದೆ ಅವಳು ಮಲಗುತ್ತಿರಲಿಲ್ಲ.

2004ರಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಮಾರುತಿ ಓಮ್ನಿ ಕೊಂಡೆ. ಅದನ್ನು ಕೊಂಡದ್ದೇ ಊರಿಗೆ ಹೋಗಲಿಕ್ಕೆ. ಆದರೆ ಪರಊರಿನಲ್ಲಿ ಒಬ್ಬರ ಹತ್ತಿರ ವ್ಯಾನು ಬಂತೆಂದರೆ ಅದು ಅವರೊಬ್ಬರದೇ ಆಗಿ ಉಳಿಯುವುದಿಲ್ಲ ನೋಡಿ. ಕೋಥ್ರೂಡಿನ ನಮ್ಮ ಸುತ್ತಮುತ್ತ ಆರೇಳು ಕನ್ನಡದ ಮನೆಗಳಿದ್ದವು. ಯಾರದೋ ಅತ್ತೆಯನ್ನು ರೈಲ್ವೆ ಸ್ಟೇಶನ್ನಿನಿಂದ ಕರೆತರುವುದು, ಯಾರದೋ ಹೆರಿಗೆಗೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡುವುದು, ಗಣೇಶನಗರದ ಕನ್ನಡ ಸಂಘದಲ್ಲಿ ಕಾರ್ಯಕ್ರಮವಿದ್ದರೆ ಎಲ್ಲರ ಮಕ್ಕಳನ್ನೂ ತುಂಬಿಕೊಂಡು ಹೋಗುವುದು, ಎಲ್ಲಕ್ಕೂ ಅದೇ ಗಾಡಿ. ಐದು ಜನರ ಗಾಡಿಯಲ್ಲಿ ಒಂಬತ್ತು ಜನ ಕೂತದ್ದಿದೆ. ಎರಡೂ ಕಡೆ ಜಾರುವ ಬಾಗಿಲು, ಒಳಗೆ ಕೋಣೆಯಷ್ಟು ಜಾಗ. ನನಗೆ ಆ ಗಾಡಿಯ ಬಗ್ಗೆ ಹೆಮ್ಮೆಯೇ ಇತ್ತು.

ಓಮ್ನಿಯನ್ನು ನೀವೆಲ್ಲ ನೋಡಿಯೇ ಇದ್ದೀರಿ. 1984ರಲ್ಲಿ 'ಮಾರುತಿ ವ್ಯಾನ್' ಎಂಬ ಹೆಸರಿನಲ್ಲಿ ಬಂದದ್ದು. ಜಪಾನಿನ ಸುಜುಕಿ ಕ್ಯಾರಿ ಎಂಬ ಪುಟ್ಟ ವ್ಯಾನಿನ ಅವತಾರ. ಜಪಾನಿನ ಇಕ್ಕಟ್ಟು ಬೀದಿಗಳಲ್ಲಿ ಸಾಮಾನು ಹಂಚಲಿಕ್ಕೆ ಹೊಂದುವಂಥ ವಿನ್ಯಾಸ. ಉದ್ದ ಕಡಿಮೆ ಇರಬೇಕು, ಒಳಗೆ ಜಾಗ ಜಾಸ್ತಿ ಇರಬೇಕು. ಅದಕ್ಕೆ ಎಂಜಿನ್ನನ್ನು ಮುಂದಿನ ಸೀಟಿನ ಕೆಳಗೆ ತಳ್ಳಿ, ಮೂತಿಯನ್ನೇ ತೆಗೆದುಬಿಟ್ಟರು. ಓಡಿಸುವವನ ಮೊಣಕಾಲಿನ ಮುಂದೆ ಒಂದು ತಗಡು, ತಗಡಿನ ಆಚೆ ರಸ್ತೆ. ಇದೇನೂ ಗುಟ್ಟಲ್ಲ, ಕೂತವನಿಗೆ ಕಣ್ಣಿಗೇ ಕಾಣುತ್ತದೆ. ನನಗೂ ಕಂಡಿತ್ತು. ಆದರೆ ಕಂಡದ್ದೆಲ್ಲ ತಿಳಿಯುವುದಿಲ್ಲ.

ತಿಳಿದದ್ದು 2008ರ ದೀಪಾವಳಿ ಮುಗಿಸಿ ಊರಿನಿಂದ ಬರುವಾಗ. ಸಾತಾರಾ ದಾಟಿ ಖಂಬಾಟ್ಕಿ ಘಾಟಿನ ಸುರಂಗದಿಂದ ಹೊರಬಿದ್ದರೆ ಇಳಿಜಾರು, ಅದರಲ್ಲೇ ಎಸ್ ಆಕಾರದ ತಿರುವು. ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಕೆಟ್ಟ ಜಾಗ. ಮುಂದೆ ಹೋಗುತ್ತಿದ್ದ ಲಾರಿ ಇದ್ದಕ್ಕಿದ್ದ ಹಾಗೆ ನಿಂತಿತು. ನಾನು ಬ್ರೇಕು ತುಳಿದೆ. ಗಾಡಿ ಕಿರುಚುತ್ತಾ ಜಾರುತ್ತಾ ಹೋಗಿ, ಲಾರಿಯ ಹಿಂಬದಿಯ ಕಬ್ಬಿಣದ ಪಟ್ಟಿಗೂ ನಮ್ಮ ಗಾಜಿಗೂ ಒಂದು ಮೊಳ ಇರುವಾಗ ನಿಂತಿತು. ಪಕ್ಕದ ಸೀಟಿನಲ್ಲಿ ಹೆಂಡತಿ. ಅವಳ ತೊಡೆಯ ಮೇಲೆ ನಾಲ್ಕು ವರ್ಷದ ಮಗಳು ನಿದ್ದೆ ಮಾಡುತ್ತಿದ್ದಳು, ಏಳಲೂ ಇಲ್ಲ. ಏನೂ ಆಗಲಿಲ್ಲ. ಆದರೆ ಪುಣೆ ಮುಟ್ಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ನಾನು ಕಾರ್ಖಾನೆಯಲ್ಲಿ ಅಳತೆ-ಪರೀಕ್ಷೆಯ ಕೆಲಸದವನು. ಆ ರಾತ್ರಿ ನಿದ್ದೆ ಬಾರದೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿ ಗೋಡೆಗೆ ಗುದ್ದಿ, ಅದರ ಮೂತಿ ಅರ್ಧ ಮೀಟರು ನಜ್ಜುಗುಜ್ಜಾಗಿ ನಿಂತಿತೆನ್ನಿ. ಆಗ ಒಳಗೆ ಬೆಲ್ಟ್ ಹಾಕಿ ಕೂತವನ ಮೈಮೇಲೆ ಅವನ ತೂಕದ ಇಪ್ಪತ್ತು ಪಟ್ಟು ಬಲ ಬೀಳುತ್ತದೆ. ಅದೇ ಗಾಡಿ ಹತ್ತೇ ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು ನೂರು ಪಟ್ಟು. ಉಳಿಯುವುದು ಸಾಯುವುದು ಬಹುಮಟ್ಟಿಗೆ ಈ ನಲವತ್ತು ಸೆಂಟಿಮೀಟರಿನ ವ್ಯವಹಾರ. ಕಾರಿನ ಮೂತಿ ಇರುವುದು ಚಂದಕ್ಕಲ್ಲ, ನಮ್ಮ ಬದಲಿಗೆ ಅದು ನಜ್ಜಾಗಲಿ ಅಂತ. ಇನ್ನು ತೊಡೆಯ ಮೇಲಿನ ಮಗು. ಹದಿನೈದು ಕಿಲೋ ಮಗು ಆ ಇಪ್ಪತ್ತು ಪಟ್ಟಿನ ಲೆಕ್ಕದಲ್ಲೇ ಮುನ್ನೂರು ಕಿಲೋ ಆಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿದು ನಿಲ್ಲಿಸಲಾರದು. 'ನಾನು ಗಟ್ಟಿಯಾಗಿ ಹಿಡಕೊಂಡಿರ್ತೀನಿ' ಅನ್ನುವುದು ಪ್ರೀತಿಯ ಮಾತು, ಲೆಕ್ಕದ ಮಾತಲ್ಲ.

ಹಾಗಾದರೆ ಮಾರನೇ ದಿನವೇ ಗಾಡಿ ಬಿಟ್ಟೆನೇ? ಇಲ್ಲ. ಇನ್ನೂ ನಾಲ್ಕು ವರ್ಷ ಓಡಿಸಿದೆ. ಮಗಳನ್ನು ಹಿಂದಿನ ಸೀಟಿಗೆ ಕಳಿಸಿದೆ, ವೇಗ ಕಡಿಮೆ ಮಾಡಿದೆ, ರಾತ್ರಿ ಪ್ರಯಾಣ ನಿಲ್ಲಿಸಿದೆ. ಹೊಸ ಕಾರಿಗೆ ದುಡ್ಡಿರಲಿಲ್ಲ, ಊರಿಗೆ ಹೋಗದೇ ಇರಲು ಮನಸ್ಸಿರಲಿಲ್ಲ. ಪ್ರತಿ ಸಲ ಹೊರಡುವಾಗಲೂ ಒಂದು ತೆಂಗಿನಕಾಯಿ ಒಡೆಯುತ್ತಿದ್ದೆ. ಲೆಕ್ಕ ಗೊತ್ತಿದ್ದವನು ಕಾಯಿ ಒಡೆಯುವುದು ಮತ್ತು ಗೊತ್ತಿಲ್ಲದವನು ಒಡೆಯುವುದು ಎರಡೂ ಒಂದೇ ಅಲ್ಲ. ಗೊತ್ತಿದ್ದವನದು ಭಕ್ತಿಗಿಂತ ಹೆಚ್ಚಾಗಿ ಲಂಚ.

ಇದೇ ಕಾಲದಲ್ಲಿ ನನ್ನ ಚಿಕ್ಕಪ್ಪನ ಮಗ ಕೆನಡಾದಲ್ಲಿ ಒಂದು ವ್ಯಾನು ಕೊಂಡ. ಮಿತ್ಸುಬಿಷಿ ಡೆಲಿಕಾ. ಅದೂ ಜಪಾನಿನದೇ, ನಮ್ಮ ಓಮ್ನಿಯ ಭೀಮಕಾಯದ ದಾಯಾದಿ ಅನ್ನಿ. ಡೀಸೆಲ್ ಎಂಜಿನ್, ನಾಲ್ಕೂ ಗಾಲಿ ಎಳೆಯುವ ಫೋರ್ ವ್ಹೀಲ್ ಡ್ರೈವ್, ಎತ್ತರದ ನಿಲುವು, ಚಾವಣಿಗೆಲ್ಲ ಕಿಟಕಿ. ಆದರೆ ಅವನು ಕೊಂಡ ಹಳೇ ಮಾದರಿಯಲ್ಲಿ ಡ್ರೈವರು ಕೂರುವುದು ಮಾತ್ರ ನಮ್ಮ ಹಾಗೆಯೇ, ಮುಂದಿನ ಗಾಲಿಯ ಮೇಲೆ. ಜಪಾನಿನಲ್ಲಿ ಎರಡೆರಡು ವರ್ಷಕ್ಕೆ 'ಶಾಕೆನ್' ಎಂಬ ದುಬಾರಿ ತಪಾಸಣೆ ಇದೆ. ಗಾಡಿ ಹಳತಾದಷ್ಟೂ ಅದನ್ನು ಇಟ್ಟುಕೊಳ್ಳುವುದು ಕಷ್ಟ, ಹಾಗಾಗಿ ಇನ್ನೂ ಚೆನ್ನಾಗಿ ಓಡುವ ಗಾಡಿಗಳು ಹಡಗು ಹತ್ತಿ ನ್ಯೂಜಿಲೆಂಡಿಗೆ, ರಷ್ಯಾಕ್ಕೆ, ಆಫ್ರಿಕಾಕ್ಕೆ ಹೋಗುತ್ತವೆ. ಕೆನಡಾದ ಕಾನೂನಿನ ಪ್ರಕಾರ ಹದಿನೈದು ವರ್ಷ ದಾಟಿದ ಗಾಡಿಯನ್ನು ಹೊರಗಿನಿಂದ ತರಬಹುದು, ಅದು ಆ ದೇಶದ ಸುರಕ್ಷತಾ ನಿಯಮಗಳಿಗೆ ಹೊಂದಬೇಕಾಗಿಲ್ಲ. ಅಮೆರಿಕದಲ್ಲಿ ಇಪ್ಪತ್ತೈದು ವರ್ಷ. ಹೊಸ ಗಾಡಿಯನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುವ ಕಾನೂನು, ಹಳತನ್ನು ಕಂಡರೆ ಕಣ್ಣು ಮುಚ್ಚುತ್ತದೆ. ನಮ್ಮಲ್ಲಿ ಅದು ಬೇರೆ ಥರ. ಹಳೇ ಗಾಡಿ ತರುವುದಾದರೆ ಮೂರು ವರ್ಷಕ್ಕಿಂತ ಹಳತಿರಬಾರದು, ಮುಂಬಯಿ ಬಂದರಿನಿಂದಲೇ ಬರಬೇಕು, ಮೇಲೆ ದೊಡ್ಡ ಸುಂಕ.

ಕಂಪ್ಯೂಟರಿನ ಪರದೆಯಲ್ಲಿ ಅವನು ಗಾಡಿ ತೋರಿಸುತ್ತಿದ್ದ. "ಅಣ್ಣ, ಹಿಮದಲ್ಲಿ ಗುಡ್ಡ ಹತ್ತೋದು ನೋಡ್ಬೇಕು ನೀನು. ಇದ್ರೊಳಗೆ ಕೂತ್ರೆ ಏನೂ ಆಗೂದಿಲ್ಲ ಅನ್ನಿಸ್ತದೆ."

ನಾನು ಹೇಳಿದೆ: "ತಮ್ಮಾ, ನಾಲ್ಕು ಗಾಲಿ ಎಳೆಯೋದು ಹೊರಡ್ಲಿಕ್ಕೆ ಸಹಾಯ, ನಿಲ್ಲಲಿಕ್ಕಲ್ಲ. ಬ್ರೇಕು ಎಲ್ಲಾ ಗಾಡಿಗೂ ನಾಲ್ಕೇ ಗಾಲಿಗೆ. ಗುದ್ದಿದ ಮೇಲಂತೂ ಯಾವ ಗಾಲಿ ಎಳೀತಾ ಇತ್ತು ಅಂತ ಯಾರೂ ಕೇಳೂದಿಲ್ಲ."

ಅವನು ನಕ್ಕ. "ಗೊತ್ತು. ಗೊತ್ತಿದ್ದೇ ತಗೊಂಡೆ. ನನ್ನ ಜೀವ, ನನ್ನಿಷ್ಟ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತನ್ನ ಜೀವವನ್ನು ಎಷ್ಟು ಅಪಾಯಕ್ಕೆ ಒಡ್ಡಬೇಕೆಂದು ಮನುಷ್ಯ ತಾನೇ ತೀರ್ಮಾನಿಸಬಹುದು, ಇದನ್ನು ನಾನೂ ಒಪ್ಪುತ್ತೇನೆ. ಬೆಟ್ಟ ಹತ್ತುವವರಿದ್ದಾರೆ, ಕೊನೆ ಕೊಯ್ಯಲು ಅಡಿಕೆ ಮರ ಹತ್ತುವವರೂ ಇದ್ದಾರೆ. ಆದರೆ ವ್ಯಾನನ್ನು ಯಾರೂ ಒಬ್ಬರೇ ಕೂರಲಿಕ್ಕೆ ಕೊಳ್ಳುವುದಿಲ್ಲ. ಅದರ ಅರ್ಥವೇ 'ಬನ್ನಿ, ಜಾಗ ಇದೆ' ಎಂಬುದು. ಹತ್ತಿ ಕೂತವರು ನನ್ನ ಲೆಕ್ಕ ನೋಡಿಲ್ಲ, ನನ್ನ ಮುಖ ನೋಡಿ ಕೂತಿದ್ದಾರೆ. ಆರೇಳು ಮನೆಯ ಮಕ್ಕಳನ್ನು ತುಂಬಿಕೊಂಡು ಹೋದ ನಾನು ಅವರ ಅಪ್ಪ ಅಮ್ಮಂದಿರಿಗೆ ಒಮ್ಮೆಯಾದರೂ 'ಈ ಗಾಡಿಗೆ ಮೂತಿ ಇಲ್ಲ' ಎಂದು ಹೇಳಿದ್ದೆನೇ? ಉಪಕಾರ ಮಾಡುವವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಅದೇ ಅವನಿಗೆ ಅಪಾಯಕಾರಿಯಾದ ಸಲಿಗೆ.

ನಮ್ಮ ಈ ಪುಣೆ-ಬೆಂಗಳೂರು ರಸ್ತೆ ಕನ್ನಡಿಗರಿಂದ ಕಿತ್ತುಕೊಂಡದ್ದು ಸ್ವಲ್ಪವಲ್ಲ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ತೀರಿಕೊಂಡದ್ದು ಇದೇ ರಸ್ತೆಯಲ್ಲಿ, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. 2022ರ ನವೆಂಬರ್ 20ರ ರಾತ್ರಿ ಇಲ್ಲೇ ಪುಣೆಯ ನವಲೆ ಸೇತುವೆ ಹತ್ತಿರ, ಇಳಿಜಾರಿನಲ್ಲಿ ಬಂದ ಒಂದು ಲಾರಿ ಹತ್ತಾರು ವಾಹನಗಳ ಮೇಲೆ ನುಗ್ಗಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಮುಂಬಯಿ-ಅಹಮದಾಬಾದ್ ರಸ್ತೆಯಲ್ಲಿ ತೀರಿಕೊಂಡಾಗ ಕೂತಿದ್ದು ಬಹಳ ದುಬಾರಿ ಕಾರಿನಲ್ಲಿ. ಆದರೆ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಒಳ್ಳೆಯ ಗಾಡಿಯೊಂದೇ ಕಾಯುವುದಿಲ್ಲ, ಗಾಡಿ ಒಳ್ಳೆಯದಿಲ್ಲದಿದ್ದರೆ ಎಚ್ಚರವೊಂದೇ ಕಾಯುವುದಿಲ್ಲ.

2012ರಲ್ಲಿ ಕೊನೆಗೂ ಸಾಲ ಮಾಡಿ ಮೂತಿ ಇರುವ, ಏರ್‌ಬ್ಯಾಗ್ ಇರುವ ಒಂದು ಸಣ್ಣ ಕಾರು ಕೊಂಡೆ. ನಿರಾಳವಾಯಿತು ಅಂದುಕೊಳ್ಳುವಷ್ಟರಲ್ಲಿ ಅಸಲು ಪ್ರಶ್ನೆ ಬಾಗಿಲಲ್ಲಿ ನಿಂತಿತ್ತು. ಹಳೇ ವ್ಯಾನು ಏನು ಮಾಡುವುದು?

ಮಾರುವುದು, ಇನ್ನೇನು? ಡೀಲರು ಐವತ್ತೈದು ಸಾವಿರ ಹೇಳಿದ್ದ. ಆಗ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ರೀ, ನಮ್ಮ ಮಗಳಿಗೆ ಬೇಡ ಅಂತ ತಾನೇ ಹೊಸದು ತಗೊಂಡಿದ್ದು? ಮತ್ತೆ ಅದ್ರಲ್ಲಿ ಯಾರ ಮಗಳು ಕೂತ್ಕೋಬೇಕು?"

ಕಠೋಪನಿಷತ್ತಿನ ಕಥೆ ನಿಮಗೆ ಗೊತ್ತಿದೆ. ವಾಜಶ್ರವಸ ಯಜ್ಞ ಮಾಡಿ ಹಸುಗಳನ್ನು ದಾನ ಕೊಡುತ್ತಾನೆ. ನೀರು ಕುಡಿಯುವ, ಹುಲ್ಲು ಮೇಯುವ ಶಕ್ತಿಯೂ ಇಲ್ಲದ, ಹಾಲು ಬತ್ತಿದ ಮುದಿ ಹಸುಗಳು. ಪಕ್ಕದಲ್ಲಿ ನಿಂತ ಮಗ ನಚಿಕೇತನಿಗೆ ಅದು ಕಂಡು ಕಸಿವಿಸಿಯಾಗಿ, ನನ್ನನ್ನು ಯಾರಿಗೆ ಕೊಡುತ್ತೀಯಪ್ಪಾ ಎಂದು ಕೇಳುತ್ತಾನೆ. ಅವನು ಯಮನ ಮನೆಗೆ ಹೋಗಿ ಕೇಳಿದ ಪ್ರಶ್ನೆಗಳ ಬಗ್ಗೆ ಎಲ್ಲರೂ ಪ್ರವಚನ ಮಾಡುತ್ತಾರೆ. ನನಗೆ ಮಾತ್ರ ಹೊರಡುವ ಮುಂಚಿನ ಆ ಕಸಿವಿಸಿಯೇ ದೊಡ್ಡದಾಗಿ ಕಾಣುತ್ತದೆ. ನಮಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ದಾಟಿಸಿ ಪುಣ್ಯವನ್ನೋ ದುಡ್ಡನ್ನೋ ಪಡೆಯುವುದು ಎಂಥ ಧರ್ಮ? ಜಪಾನಿನವರು ಕೆನಡಾಕ್ಕೆ ದಾಟಿಸುತ್ತಾರೆ, ಆಫ್ರಿಕಾಕ್ಕೆ ದಾಟಿಸುತ್ತಾರೆ. ಕೋಥ್ರೂಡಿನವನು ವಾರ್ಜೆಯವನಿಗೆ ದಾಟಿಸುತ್ತಾನೆ. ಅಪಾಯವೂ ನೀರಿನ ಹಾಗೆ ತಗ್ಗಿಗೇ ಹರಿಯುತ್ತದೆ.

ವಾರ್ಜೆಯಿಂದ ಬಂದವನು ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯವನು, ಸೆಂಟ್ರಿಂಗ್ ಕೆಲಸದ ಸಣ್ಣ ಗುತ್ತಿಗೆದಾರ. ಪುಣೆಯ ಎತ್ತರದ ಕಟ್ಟಡಗಳ ಹಿಂದೆ ಆ ಭಾಗದ ಜನರ ಬೆವರು ಎಷ್ಟಿದೆ ಎಂಬುದು ಇಲ್ಲಿರುವ ನಮಗೆ ಗೊತ್ತು. ನಾನು ಅವನನ್ನು ಕೂರಿಸಿ ಚಹಾ ಕೊಟ್ಟು ಎಲ್ಲ ಹೇಳಿದೆ. ಮೂತಿ ಇಲ್ಲದ್ದು, ಲಾರಿಯ ಹಿಂದೆ ಒಂದು ಮೊಳದಲ್ಲಿ ನಿಂತದ್ದು, ಅರ್ಧ ಮೀಟರಿನ ಲೆಕ್ಕ, ತೊಡೆಯ ಮೇಲಿನ ಮಗುವಿನ ಲೆಕ್ಕ. ಮಾರುವವನೇ ಮಾಲನ್ನು ಇಷ್ಟು ಬೈಯುವುದನ್ನು ಅವನು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಎಲ್ಲ ಕೇಳಿ, ಚಹಾದ ಕಪ್ಪು ಕೆಳಗಿಟ್ಟು ಹೇಳಿದ:

"ಸಾಹೇಬ್ರ, ಈಗ ನನ್ ಬಲ್ಲಿ ಬೈಕ್ ಅದರಿ. ನಾನು, ನನ್ ಹೆಂಡ್ತಿ, ಎರಡು ಹುಡುಗ್ರು, ನಾಕೂ ಮಂದಿ ಅದ್ರ ಮ್ಯಾಲೇ ಹೋಗ್ತೀವಿ. ಸಣ್ಣಾಕಿನ ಟಾಂಕಿ ಮ್ಯಾಲ ಕೂಡಸ್ತೀನಿ. ನೀವು ಮುಂದಿನ ತಗಡು ತೆಳ್ಳಗದ ಅಂತೀರಿ. ಬೈಕಿಗಿ ತಗಡೇ ಇಲ್ಲಲ್ರಿ."

ನನ್ನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಇವನ ಮಾತು ನೂರಕ್ಕೆ ನೂರು ನಿಜ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ವಾಜಶ್ರವಸನ ಹಸು ಯಾರಿಗೂ ಹಾಲು ಕೊಡುತ್ತಿರಲಿಲ್ಲ. ನನ್ನ ಹಸು ಇವನ ಮನೆಯಲ್ಲಿ ಇನ್ನೂ ಹಾಲು ಕೊಡುತ್ತದೆ. ನನಗೆ ಒಂದು ಮೆಟ್ಟಿಲು ಕೆಳಗಿನದು ಅವನಿಗೆ ಒಂದು ಮೆಟ್ಟಿಲು ಮೇಲಿನದು. ನಾನು ಧರ್ಮಸೂಕ್ಷ್ಮ ಎಂದು ಗಾಡಿಯನ್ನು ಗುಜರಿಗೆ ಹಾಕಿದ್ದರೆ ನನ್ನ ಕೈ ಸ್ವಚ್ಛವಾಗುತ್ತಿತ್ತು, ಅವನ ಮಗಳು ಪೆಟ್ರೋಲ್ ಟಾಂಕಿಯ ಮೇಲೇ ಕೂತಿರುತ್ತಿದ್ದಳು. ನನ್ನ ಸ್ವಚ್ಛತೆಯ ಬೆಲೆಯನ್ನು ಅವಳು ಯಾಕೆ ಕೊಡಬೇಕು?

ಹಾಗೆಂದು ಮನಸ್ಸು ಪೂರ್ತಿ ಒಪ್ಪಿತೆಂದೂ ಹೇಳಲಾರೆ. 'ಹೇಳಿಯೇ ಮಾರಿದೆ' ಎಂಬುದು ಸಮಾಧಾನದ ಮಾತು. ಆದರೆ ಬೇರೆ ದಾರಿ ಇಲ್ಲದವನಿಗೆ ಸತ್ಯ ಹೇಳಿದರೆ ಅವನೇನು ಮಾಡಿಯಾನು? ತಲೆಯಾಡಿಸಿಯಾನು. ಅವನು ಒಪ್ಪಿದ ಎಂಬುದನ್ನೇ ಹಿಡಿದು ಹೊಣೆಯೆಲ್ಲ ಅವನ ಕಡೆಗೆ ಹೋಯಿತು ಅನ್ನುವುದು ವಕೀಲರ ಮಾತಾಯಿತು. ಆರ್‌ಟಿಓದ 29 ಮತ್ತು 30ನೇ ನಂಬರಿನ ಫಾರ್ಮು ತುಂಬಿದರೆ ಗಾಡಿಯ ಮಾಲೀಕತ್ವ ಬದಲಾಗುತ್ತದೆ. ತಿಳಿದದ್ದನ್ನು ತಿಳಿದವನ ಹೊಣೆ ವರ್ಗಾಯಿಸಲಿಕ್ಕೆ ಮಾತ್ರ ಯಾವ ಫಾರ್ಮೂ ಇಲ್ಲ.

ಕೊನೆಗೆ ನಾನು ಮಾಡಿದ್ದಿಷ್ಟು. ಹಿಂದಿನ ಸೀಟಿಗೆ ಬೆಲ್ಟ್ ಇರಲಿಲ್ಲ, ಮೊದಲಿನ ಮಾಲೀಕ ಯಾರೋ ಸೀಟು ಬದಲಿಸುವಾಗ ತೆಗೆಸಿದ್ದ. ಗ್ಯಾರೇಜಿನವನ ಹತ್ತಿರ ನೆಲದ ಕೆಳಗೆ ದಪ್ಪ ಪ್ಲೇಟು ಕೊಡಿಸಿ ಬೆಲ್ಟ್ ಹಾಕಿಸಿದೆ. ಬರೀ ತಗಡಿಗೆ ಬೋಲ್ಟು ಹಾಕಿದ ಬೆಲ್ಟು ಎಳೆತಕ್ಕೆ ಕಿತ್ತುಬರುತ್ತದೆ. ಹೊಸ ಬ್ರೇಕ್ ಶೂ, ನಾಲ್ಕು ಹೊಸ ಟಯರು. ನಲವತ್ತೈದು ಸಾವಿರಕ್ಕೆ ಕೊಟ್ಟೆ. ಆ ಹತ್ತು ಸಾವಿರಕ್ಕೆ ನಾನು ಪಾಪಪರಿಹಾರ ಕೊಂಡೆನೋ ಏನೋ ತಿಳಿಯದು. "ಊರಾಗೇ ಓಡಿಸು, ಹೈವೇಗೆ ಬೇಡ, ಮಕ್ಕಳು ಹಿಂದೆ" ಎಂದು ಮೂರು ಮಾತು ತೆಗೆದುಕೊಂಡೆ. "ಹೂಂ ರಿ" ಅಂದ.

ಐದಾರು ತಿಂಗಳಾದ ಮೇಲೆ ಒಂದು ರಾತ್ರಿ ಫೋನು ಬಂತು. "ಸಾಹೇಬ್ರ, ಊರು ಮುಟ್ಟಿದ್ವಿ. ಸೊಲ್ಲಾಪುರ ಮ್ಯಾಲ ಹಾಸಿ ಬಂದ್ವಿ. ಹುಡುಗ್ರು ಹಿಂದೇ ಕುಂತಿದ್ರು, ಬೆಲ್ಟ್ ಹಾಕಿದ್ದೆ." ಹೈವೇಗೆ ಬೇಡ ಎಂದಿದ್ದೆನಲ್ಲ ಎಂದು ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಲೆಕ್ಕ ಗೊತ್ತಿದ್ದೂ ನಾಲ್ಕು ವರ್ಷ ನಾನು ಮಾಡಿದ್ದೇನು? ಅವನೂ ಪರಊರಿನಲ್ಲಿ ದುಡಿಯುವವನು. ಊರಲ್ಲಿ ಜಾತ್ರೆ ಇರುತ್ತದೆ, ಅಮ್ಮ ಇರುತ್ತಾಳೆ. ಮನೆಯ ಮುಂದೆ ಒಂದು ಗಾಡಿ ನಿಂತಿರುತ್ತದೆ. ಆ ರಾತ್ರಿಯಿಂದ ಅದೊಂದು ರೂಢಿಯಾಯಿತು. ಹೊರಡುವಾಗ ಒಂದು ಫೋನು, ಮುಟ್ಟಿದಾಗ ಒಂದು. ನಡುವಿನ ಹೊತ್ತಿನಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ.

2019ರಲ್ಲಿ ಓಮ್ನಿಯ ತಯಾರಿಕೆಯೇ ನಿಂತಿತು. ಆ ವರ್ಷದ ಅಕ್ಟೋಬರಿನಿಂದ ಹಳೇ ಮಾದರಿಯ ಕಾರುಗಳೂ ಮುಂಭಾಗದ ಡಿಕ್ಕಿಯ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು, ಗಂಟೆಗೆ 56 ಕಿಲೋಮೀಟರು ವೇಗದಲ್ಲಿ. 2023ರ ಅಕ್ಟೋಬರಿನಿಂದ 'ಭಾರತ್ ಎನ್‌ಸಿಎಪಿ' ಬಂದು, ಗಾಡಿಗಳನ್ನು 64 ಕಿಲೋಮೀಟರು ವೇಗದಲ್ಲಿ ಗುದ್ದಿಸಿ ನಕ್ಷತ್ರ ಕೊಡುತ್ತಾರೆ. ಕೋಥ್ರೂಡಿನ ಗುಡ್ಡದ ಮೇಲೆ ಎಆರ್‌ಎಐ ಎಂಬ ಸಂಸ್ಥೆ ಇದೆ. ವಾಹನಗಳ ಪರೀಕ್ಷೆಗೆಂದೇ 1966ರಲ್ಲಿ ಶುರುವಾದದ್ದು. ಗುಡ್ಡಕ್ಕೂ ಜನ ಅದೇ ಹೆಸರಿಟ್ಟಿದ್ದಾರೆ. ನಾನು ಬೆಳಗ್ಗೆ ಅಲ್ಲಿ ವಾಕಿಂಗ್ ಹೋಗುತ್ತೇನೆ. ಮೇಲಿನಿಂದ ನೋಡಿದರೆ ಪೌಡ್ ರಸ್ತೆಯಲ್ಲಿ ಎಲ್ಲವೂ ಕಾಣುತ್ತದೆ. ಜಪಾನಿನಿಂದಲೇ ಹಡಗಿನಲ್ಲಿ ಬಂದ, ಕೋಟಿ ರೂಪಾಯಿ ದಾಟುವ ಟೊಯೊಟಾ ವೆಲ್‌ಫೈರ್ ವ್ಯಾನು ಅಪರೂಪಕ್ಕೊಮ್ಮೆ ಹೋಗುತ್ತದೆ. ಅದರ ಹಿಂದೆಯೇ ಒಂದು ಬೈಕು, ಅದರ ಮೇಲೆ ನಾಲ್ಕು ಜನ. ನಕ್ಷತ್ರಗಳೆಲ್ಲ ಒಂದರ ಪಾಲಿಗೆ.

ಅದೇ ವರ್ಷದ ಕೊನೆಗೆ ಅವನ ಫೋನು ಬಂತು. ಗುತ್ತಿಗೆ ಚೆನ್ನಾಗಿ ನಡೆದು ಅವನೂ ಒಂದು ಕಾರು ಕೊಂಡಿದ್ದ, ಏರ್‌ಬ್ಯಾಗ್ ಇರುವಂಥದ್ದು. ನನಗೆ ನಿಜಕ್ಕೂ ಸಂತೋಷವಾಯಿತು. ಆಮೇಲೆ ಕೇಳಿದೆ, "ನಮ್ಮ ವ್ಯಾನು?"

"ನಮ್ಮ ಹುಡುಗ ಒಬ್ಬಂವಗ ಕೊಟ್ಟೀನ್ರಿ. ನನ್ ಕೈಕೆಳಗ ಕೆಲಸ ಮಾಡ್ತಾನ."

"ಅವನಿಗೆ ಎಲ್ಲಾ ಹೇಳಿದ್ಯಾ?"

"ಹೇಳೀನ್ರಿ. ನೀವು ನನಗ ಹೇಳ್ದಂಗೇ, ಚಾ ಕುಡಿಸಿ ಹೇಳೀನಿ. ಬೆಲ್ಟೂ ತೋರಿಸೀನಿ."

"ಏನಂದ?"

"ಏನಂತಾನ್ರಿ? ಅಂವನ ಬಲ್ಲೀನೂ ಬೈಕೇ ಅದ."

ಆ ಹುಡುಗನ ಗುರುತು ನನಗಿಲ್ಲ. ಊರಿಗೆ ಹೋದರೆ ಮುಟ್ಟಿದ ಮೇಲೆ ತನಗೊಂದು ಫೋನು ಮಾಡಬೇಕೆಂದು ಇವನು ಅವನಿಗೆ ತಾಕೀತು ಮಾಡಿದ್ದಾನಂತೆ.